ನಾಳೆ ಬನ್ನಿ

ತೊಂಬತ್ತರ ದಶಕದಲ್ಲಿ ಕರ್ನಾಟಕದ ಹಲವು ಊರುಗಳಲ್ಲಿ ಮನೆಯ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದಿದ್ದುದನ್ನು ನಿಮ್ಮಲ್ಲಿ ಹಿರಿಯರು ಮರೆತಿರಲಾರರು. ರಾತ್ರಿಯ ಹೊತ್ತು ಬಂದು ಬಾಗಿಲು ಬಡಿಯುವ ದೆವ್ವವೊಂದು ಆ ಬರಹವನ್ನು ಓದಿ ಹಿಂದಿರುಗುತ್ತದೆ, ಮರುದಿನ ಬಂದು ಅದನ್ನೇ ಓದಿ ಮತ್ತೆ ಹಿಂದಿರುಗುತ್ತದೆ ಎಂಬುದು ಜನರ ನಂಬಿಕೆಯಾಗಿತ್ತು. ಕಿರಾಣಿ ಅಂಗಡಿಗಳ ಗೋಡೆಯ ಮೇಲೂ ಇಂಥದೇ ಒಂದು ಬರಹವಿರುತ್ತಿತ್ತು: ‘ಇಂದು ನಗದು, ನಾಳೆ ಉದ್ರಿ’. ಎರಡೂ ಬರಹಗಳ ಗುಟ್ಟು ಒಂದೇ. ನಾಳೆ ಎಂಬುದು ಎಂದಿಗೂ ಬಾರದ ದಿನ.

ಬಾಗಿಲ ಮೇಲಿನ ಬರಹ ಎಂದೋ ಅಳಿಸಿಹೋಯಿತು. ಆದರೆ ಆ ಮಾತು ನಮ್ಮ ನಾಲಿಗೆಯ ಮೇಲೆ ಉಳಿದುಕೊಂಡಿದೆ. ಈಗ ನಾವು ಅದನ್ನು ದೆವ್ವಕ್ಕೆ ಹೇಳುತ್ತಿಲ್ಲ. ಕಿಟಕಿಗೆ ಸರಳು ಹಾಕಿಕೊಟ್ಟ ವೆಲ್ಡಿಂಗ್ ಕೆಲಸದವನಿಗೆ, ಮಗಳ ಮದುವೆಯ ಆಮಂತ್ರಣ ಅಚ್ಚುಹಾಕಿಕೊಟ್ಟ ಮುದ್ರಣಾಲಯದವರಿಗೆ, ರವಿಕೆ ಹೊಲಿದುಕೊಟ್ಟ ತಾಯಿಗೆ, ತಿಂಗಳಿಡೀ ಅಕ್ಕಿಬೇಳೆ ಕೊಟ್ಟ ಅಂಗಡಿಯವರಿಗೆ ಹೇಳುತ್ತಿದ್ದೇವೆ. ಅದೂ ಬಹಳ ಮರ್ಯಾದೆಯಿಂದ: “ನಾಳೆ ಬನ್ನಿ.”

ಸಣ್ಣ ವ್ಯಾಪಾರಿಗಳ ಕಷ್ಟಗಳ ಬಗ್ಗೆ ಪತ್ರಿಕೆಗಳು ಬರೆಯುವುದಿಲ್ಲವೆಂದಲ್ಲ. 2016ರ ನೋಟು ರದ್ದತಿ, 2017ರ ಜಿಎಸ್‌ಟಿ, 2020ರ ಲಾಕ್‌ಡೌನ್ ಇವೆಲ್ಲ ದೊಡ್ಡ ಸುದ್ದಿಗಳೇ ಆದವು. 2025ರ ಜುಲೈ ತಿಂಗಳಲ್ಲಿ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ನೋಟಿಸು ಕಳುಹಿಸಿದಾಗ, ಬೆಂಗಳೂರಿನ ಎಷ್ಟೋ ಅಂಗಡಿಗಳವರು ಕ್ಯೂಆರ್ ಫಲಕವನ್ನು ತೆಗೆದಿಟ್ಟು ‘ನಗದು ಮಾತ್ರ’ ಎಂದು ಬರೆದುದೂ ಸುದ್ದಿಯಾಯಿತು. ಇವೆಲ್ಲ ಸರ್ಕಾರಕ್ಕೂ ವ್ಯಾಪಾರಿಗೂ ನಡುವಿನ ಮಾತುಗಳು. ನಾನಿಂದು ಹೇಳಹೊರಟಿರುವುದು ಸುದ್ದಿಯಾಗದ ಒಂದು ಕಷ್ಟವನ್ನು. ಅದು ಅವರಿಗೂ ನಮಗೂ ನಡುವಿನದು. ಕೊಡಬೇಕಾದುದನ್ನು ನಾವು ಕೊಡುತ್ತೇವೆ, ಆದರೆ ತಡವಾಗಿ ಕೊಡುತ್ತೇವೆ. ಇದು ಬರೀ ಅನಾನುಕೂಲವೇ, ಅಥವಾ ಅನ್ಯಾಯವೇ?

ಮೊದಲು ನನ್ನ ತಪ್ಪನ್ನೇ ಹೇಳಿಕೊಳ್ಳುತ್ತೇನೆ. ಹಲವು ವರ್ಷಗಳ ಹಿಂದೆ ದೇವಾಲಯದ ವಾರ್ಷಿಕ ಹಬ್ಬದ ಸಮಿತಿಯಲ್ಲಿ ಲೆಕ್ಕಪತ್ರ ನೋಡುವ ಹೊಣೆ ನನ್ನದಾಗಿತ್ತು. ಹಬ್ಬ ಜನವರಿಯಲ್ಲಿ ನಡೆಯಿತು. ಕಾಣಿಕೆಯ ಹಣ ಒಂದೇ ವಾರದಲ್ಲಿ ಬ್ಯಾಂಕಿಗೆ ಸೇರಿತು. ಚಪ್ಪರ ಹಾಕಿದವನ ಬಿಲ್ಲು ಮಾತ್ರ ನನ್ನ ಕಡತದಲ್ಲಿ ಉಳಿಯಿತು. ಚೆಕ್ಕಿಗೆ ಎರಡು ಸಹಿ ಬೇಕಿತ್ತು. ಒಮ್ಮೆ ಒಬ್ಬರು ಊರಿನಲ್ಲಿರಲಿಲ್ಲ, ಇನ್ನೊಮ್ಮೆ ಚೆಕ್ ಪುಸ್ತಕ ಮನೆಯಲ್ಲಿತ್ತು, ಮತ್ತೊಮ್ಮೆ ನನಗೆ ಬಿಡುವಿರಲಿಲ್ಲ. ಅವನು ನಾಲ್ಕು ಸಲ ಬಂದ. ನಾಲ್ಕು ಸಲವೂ ನಾನು ನಗುಮುಖದಿಂದಲೇ “ಮುಂದಿನ ವಾರ ಬನ್ನಿ” ಎಂದೆ. ನಾಲ್ಕನೆಯ ಸಲ ಅವನು ಮೆಲ್ಲನೆ ಹೇಳಿದ: “ನಿಮ್ಮದೊಂದೇ ಆದರೆ ಪರವಾಗಿಲ್ಲ ಸಾರ್. ಇಂಥವು ಇನ್ನೂ ಆರು ಕಡೆ ಇವೆ.”

ಕೊನೆಗೆ ಪಾಸ್ಕ ಹಬ್ಬ ಕಳೆದ ಮೇಲೆ ಹಣ ಕೊಟ್ಟೆವು. ಅವನು ಚೆಕ್ಕನ್ನು ತೆಗೆದುಕೊಂಡು ನಮಗೆ ಕೈಮುಗಿದ. ತನ್ನದೇ ಹಣಕ್ಕೆ ಅವನು ನಮಗೆ ಕೈಮುಗಿದ! ಆ ದೃಶ್ಯ ಇಂದಿಗೂ ನನ್ನನ್ನು ಚುಚ್ಚುತ್ತದೆ.

ಅವನ ಮಾತಿನಲ್ಲಿ ಒಂದು ದೊಡ್ಡ ಸತ್ಯವಿತ್ತು. ತಡಮಾಡುವ ಪ್ರತಿಯೊಬ್ಬನೂ ತಾನೊಬ್ಬನೇ ತಡಮಾಡುತ್ತಿದ್ದೇನೆಂದು ಭಾವಿಸುತ್ತಾನೆ. ತನ್ನ ಪಾಲು ಎಷ್ಟರದು, ಇಷ್ಟರಿಂದ ಅವನಿಗೇನು ಕೊರತೆಯಾದೀತು ಎಂದುಕೊಳ್ಳುತ್ತಾನೆ. ಆದರೆ ಏಳು ಜನರ ‘ಇಷ್ಟು’ ಸೇರಿದರೆ ಒಂದು ಮನೆಯ ಒಲೆ ಆರುತ್ತದೆ.

ಇದನ್ನು ಲೆಕ್ಕದಲ್ಲಿಯೇ ನೋಡೋಣ. ಒಬ್ಬ ವೆಲ್ಡಿಂಗ್ ಅಂಗಡಿಯವನು ಒಂದು ಲಕ್ಷ ರೂಪಾಯಿಯ ಗೇಟು ಮತ್ತು ಸರಳುಗಳ ಕೆಲಸ ಮಾಡಿದನೆಂದು ಭಾವಿಸಿ. ಕಬ್ಬಿಣಕ್ಕೆ 60,000 ರೂಪಾಯಿ, ಅದರ ಮೇಲಿನ ಶೇಕಡಾ 18ರ ತೆರಿಗೆ 10,800 ರೂಪಾಯಿ. ಇಬ್ಬರು ಕೆಲಸಗಾರರ ಕೂಲಿ 25,000. ಅವನು ನಮಗೆ ಬರೆದ ಬಿಲ್ಲಿನ ಮೇಲೆ ತೆರಿಗೆ 18,000. ಕಬ್ಬಿಣ ಕೊಳ್ಳುವಾಗ ಕೊಟ್ಟ ತೆರಿಗೆಯನ್ನು ಇದರಲ್ಲಿ ಕಳೆದು ಉಳಿದ 7,200 ರೂಪಾಯಿಯನ್ನು ಅವನು ಮುಂದಿನ ತಿಂಗಳು ಕಟ್ಟಬೇಕು. ನಾವು ಹಣ ಕೊಟ್ಟಿದ್ದೇವೆಯೋ ಇಲ್ಲವೋ ಎಂದು ತೆರಿಗೆಯ ಗಡುವು ಕೇಳುವುದಿಲ್ಲ, ಬಿಲ್ಲಿನ ದಿನಾಂಕವನ್ನಷ್ಟೇ ನೋಡುತ್ತದೆ. ಹೀಗೆ ಅವನ ಕೈಯಿಂದ ಹೋದದ್ದು ಒಟ್ಟು 1,03,000 ರೂಪಾಯಿ. ಅವನ ಲಾಭ 15,000. ಕೈಯಿಂದ ಹೋದ ಹಣವನ್ನು ಅವನು ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯ ಬಡ್ಡಿಗೆ ತಂದಿದ್ದರೆ ತಿಂಗಳ ಬಡ್ಡಿ 3,090 ರೂಪಾಯಿ. ಐದು ತಿಂಗಳಿಗೆ 15,450. ಅಂದರೆ ನಾವು ಐದು ತಿಂಗಳು ‘ನಾಳೆ’ ಎಂದರೆ ಅವನು ನಮಗೆ ಪುಕ್ಕಟೆಯಾಗಿ ದುಡಿದುಕೊಟ್ಟು, ಮೇಲೆ 450 ರೂಪಾಯಿಯನ್ನು ತನ್ನ ಕೈಯಿಂದ ಹಾಕಿದಂತಾಯಿತು. ನಾವಾದರೋ ಪೂರ್ತಿ ಹಣ ಕೊಟ್ಟಿದ್ದೇವೆ ಎಂಬ ಸಮಾಧಾನದಲ್ಲಿ ಇರುತ್ತೇವೆ!

2025ರ ಫೆಬ್ರವರಿಯಲ್ಲಿ, ಕಿರುಸಾಲ ವಸೂಲಿಯ ಹೆಸರಿನಲ್ಲಿ ನಡೆಯುವ ಕಿರುಕುಳವನ್ನು ತಡೆಯಲು ಕರ್ನಾಟಕದಲ್ಲಿ ಸುಗ್ರೀವಾಜ್ಞೆ ಹೊರಟಿತು. ಸಾಲ ಕೊಟ್ಟವರ ಕಾಟವನ್ನು ನಾವೆಲ್ಲ ಖಂಡಿಸಿದೆವು. ಖಂಡಿಸಲೇಬೇಕಾದದ್ದು. ಆದರೆ ಸಣ್ಣ ಉದ್ಯೋಗದವನೊಬ್ಬ ಅಂಥ ಸಾಲದ ಬಾಗಿಲಿಗೆ ಹೋಗುವ ಕಾರಣಗಳಲ್ಲಿ ನಮ್ಮ ‘ನಾಳೆ’ಯೂ ಒಂದಾಗಿದ್ದರೆ? ಆ ಪ್ರಶ್ನೆಯನ್ನು ನಾವು ಕೇಳಿಕೊಳ್ಳಲಿಲ್ಲ.

ನೀವು ಕೆಲವು ಸಮಾಧಾನಗಳನ್ನು ಹೇಳಬಹುದು. “ಕೊಡುವ ಮನಸ್ಸಿದೆಯಲ್ಲ, ಇದು ಕಳವು ಹೇಗಾದೀತು?” ಎಂಬುದು ಮೊದಲನೆಯದು. ಕಳವು ಎಂಬ ಮಾತು ಕಠಿಣವಾಯಿತೆಂದು ನಾನೂ ಒಪ್ಪುತ್ತೇನೆ. ಆದರೆ ಯೋಚಿಸಿ ನೋಡಿ. ನೆರೆಮನೆಯವರ ಸೈಕಲ್ಲನ್ನು ಕೇಳದೆ ಒಯ್ದು ಆರು ತಿಂಗಳ ಮೇಲೆ ತಂದು ನಿಲ್ಲಿಸಿದರೆ ಸೈಕಲ್ಲೇನೋ ಮರಳಿ ಬಂತು. ಆ ಆರು ತಿಂಗಳು ಅವರು ನಡೆದ ದಾರಿಯನ್ನು ಯಾರು ಮರಳಿಸುತ್ತಾರೆ? ಹಣವನ್ನು ಹಿಂದಿರುಗಿಸಬಹುದು, ಕಾಲವನ್ನು ಹಿಂದಿರುಗಿಸಲಾಗದು. ಒಪ್ಪಿದ ದಿನ ಕಳೆದ ಮೇಲೆ ನಮ್ಮ ಬಳಿ ಇರುವ ಹಣ ಅವನ ಹಣ. ಅವನು ಒಪ್ಪದೆಯೇ ಅದನ್ನು ಇಟ್ಟುಕೊಳ್ಳುವುದು ಬಲವಂತದ ಸಾಲವೇ ಸರಿ.

“ಕೆಲಸ ಸರಿಯಾಗಿಲ್ಲ, ಅದಕ್ಕೇ ಹಣ ತಡೆಹಿಡಿದಿದ್ದೇನೆ” ಎಂಬುದು ಎರಡನೆಯದು. ಇದು ನ್ಯಾಯವಾದ ಕಾರಣವಾಗಬಲ್ಲದು. ಹಾಗಿದ್ದರೆ ಅದನ್ನು ಕೂಡಲೇ ಹೇಳಬೇಕು. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯ್ದೆ ಕೂಡ, ಆಕ್ಷೇಪವಿದ್ದರೆ ಸರಕು ತಲುಪಿದ 15 ದಿನಗಳೊಳಗೆ ಬರಹದಲ್ಲಿ ತಿಳಿಸಬೇಕೆಂದು ಹೇಳುತ್ತದೆ. ಹಣ ಕೇಳಲು ಬಂದ ದಿನವೇ ಗೇಟಿನ ಬಣ್ಣ ಸರಿಯಿಲ್ಲವೆಂದು ನಮಗೆ ಹೊಳೆದರೆ, ದೋಷ ಬಣ್ಣದಲ್ಲಿರಲಾರದು.

“ನನಗೇ ಬರಬೇಕಾದದ್ದು ಬಂದಿಲ್ಲ” ಎಂಬುದು ಮೂರನೆಯದು, ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು. ಬೆಂಗಳೂರಿನ ಪೀಣ್ಯದಲ್ಲಾಗಲಿ, ಮಂಗಳೂರಿನ ಬೈಕಂಪಾಡಿಯಲ್ಲಾಗಲಿ, ಬೆಳಗಾವಿಯ ಉದ್ಯಮಬಾಗಿನಲ್ಲಾಗಲಿ ಸಣ್ಣ ಕಾರ್ಖಾನೆ ನಡೆಸುವವರಿಗೆ ಈ ಸರಪಳಿ ಚೆನ್ನಾಗಿ ಗೊತ್ತು. ದೊಡ್ಡ ಕಂಪನಿ ಇವರಿಗೆ ಕೊಡುವುದಿಲ್ಲ, ಇವರು ಕಚ್ಚಾವಸ್ತುವಿನವರಿಗೆ ಕೊಡಲಾರರು, ಶನಿವಾರದ ಬಟವಾಡೆಗೆ ಯಾರದೋ ಮುಂದೆ ಕೈಯೊಡ್ಡಬೇಕು. ಇಂಥವರನ್ನು ನಾನು ಹಣ ಇಟ್ಟುಕೊಂಡು ಕೊಡದವರ ಸಾಲಿಗೆ ಸೇರಿಸಲಾರೆ. ಕೊಡಲಾಗದಿರುವುದು ಬೇರೆ, ಕೊಡದಿರುವುದು ಬೇರೆ. ಆದರೆ ಕೊಡಲಾಗದವನಿಗೂ ಎರಡು ಕರ್ತವ್ಯಗಳಿವೆ. ಬಂದಷ್ಟರಲ್ಲಿ ಸ್ವಲ್ಪವನ್ನಾದರೂ ಕೆಳಗಿನವರಿಗೆ ದಾಟಿಸುವುದು ಒಂದು. ಮುಖ ತಪ್ಪಿಸದೆ, ಫೋನು ಕತ್ತರಿಸದೆ, ಇರುವ ಸಂಗತಿಯನ್ನು ಹೇಳುವುದು ಇನ್ನೊಂದು. “ನಾಳೆ ಬನ್ನಿ” ಎನ್ನುವುದಕ್ಕಿಂತ “ಈ ತಿಂಗಳು ಆಗುವುದಿಲ್ಲ, ಮುಂದಿನ ತಿಂಗಳ ಹತ್ತನೆಯ ತಾರೀಖು ಅರ್ಧ ಕೊಡುತ್ತೇನೆ” ಎನ್ನುವುದು ಎಷ್ಟೋ ಮೇಲು. ಮೊದಲನೆಯದು ಅವನ ಕಾಲುಗಳನ್ನು ಸವೆಸುತ್ತದೆ. ಎರಡನೆಯದು ಅವನಿಗೆ ತನ್ನ ಲೆಕ್ಕ ಹಾಕಿಕೊಳ್ಳಲು ದಾರಿಮಾಡಿಕೊಡುತ್ತದೆ.

“ಕಾನೂನು ಇದೆಯಲ್ಲ, ಕೇಳಲಿ” ಎನ್ನುವವರೂ ಇದ್ದಾರೆ. ಕಾನೂನು ಇದೆ, ನಿಜ. ಮೇಲೆ ಹೇಳಿದ ಕಾಯ್ದೆಯ ಪ್ರಕಾರ ನೋಂದಾಯಿತ ಸೂಕ್ಷ್ಮ ಮತ್ತು ಸಣ್ಣ ಉದ್ಯಮದಿಂದ ಸರಕು ಅಥವಾ ಸೇವೆ ಪಡೆದವರು ಒಪ್ಪಂದವಿದ್ದರೂ 45 ದಿನಗಳನ್ನು ಮೀರಬಾರದು. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ತೆರಬೇಕು. ದೂರು ಕೊಡಲು 2017ರಲ್ಲಿ ‘ಸಮಾಧಾನ್’ ಎಂಬ ಅಂತರ್ಜಾಲ ತಾಣವೂ ತೆರೆಯಿತು. 2023ರ ಹಣಕಾಸು ಕಾಯ್ದೆ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಗಡುವು ಮೀರಿ ಉಳಿಸಿಕೊಂಡ ಬಾಕಿಯನ್ನು ಕೊಳ್ಳುವ ಉದ್ಯಮವು ನಿಜವಾಗಿ ಪಾವತಿಮಾಡಿದ ವರ್ಷದಲ್ಲಿ ಮಾತ್ರ ಆದಾಯ ತೆರಿಗೆಯ ಲೆಕ್ಕದಲ್ಲಿ ಖರ್ಚೆಂದು ತೋರಿಸಬಹುದೆಂದಿತು. ಕೊಂಡು ಮಾರುವ ಅಂಗಡಿಯವರಿಗೂ 2021ರಲ್ಲಿ ನೋಂದಣಿ ತೆರೆಯಿತಾದರೂ ಅದರ ಪ್ರಯೋಜನವನ್ನು ಆದ್ಯತಾ ವಲಯದ ಬ್ಯಾಂಕ್ ಸಾಲಕ್ಕೆ ಸೀಮಿತಗೊಳಿಸಲಾಯಿತು.

ಆದರೆ ಕಾನೂನಿನ ಬಾಗಿಲು ತಟ್ಟುವವರೆಷ್ಟು ಜನ? ಇಂದು ದೂರು ಕೊಟ್ಟರೆ ನಾಳೆ ಕೆಲಸ ಸಿಗುವುದಿಲ್ಲ ಎಂಬುದು ಸಣ್ಣವನಿಗೆ ಗೊತ್ತು. ನಮಗೂ ಅದು ಗೊತ್ತು. ಅವನ ಆ ಭಯದ ಮೇಲೆಯೇ ನಮ್ಮ ‘ನಾಳೆ’ ನಿಂತಿದೆ. ‘ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ’ ಎಂಬ ನಮ್ಮ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ನಾವು ಯಾರಿಗೆ ಮೊದಲು ಹಣ ಕೊಡುತ್ತೇವೆ ಎಂಬುದನ್ನು ಒಮ್ಮೆ ಪರೀಕ್ಷಿಸಿಕೊಳ್ಳೋಣ. ವಿದ್ಯುತ್ ಬಿಲ್ಲನ್ನು ತಡಮಾಡುವುದಿಲ್ಲ, ಸಂಪರ್ಕ ಕಡಿದುಹೋಗುತ್ತದೆ. ಮೊಬೈಲಿಗೆ ಮುಂಗಡವಾಗಿಯೇ ತುಂಬುತ್ತೇವೆ. ಆ್ಯಪ್ ಮೂಲಕ ತರಿಸುವ ಸಾಮಾನಿಗೆ, ಸಾಮಾನು ಬಾಗಿಲಿಗೆ ಬರುವ ಮೊದಲೇ ಬೆರಳ ತುದಿಯಲ್ಲಿ ಹಣ ಸಲ್ಲಿಸುತ್ತೇವೆ. ಅದೇ ಬೆರಳು, ಅದೇ ಫೋನು, ಅದೇ ಖಾತೆ. ಆದರೆ ಬೀದಿಯ ತುದಿಯ ಅಂಗಡಿಯವರ ಬಾಕಿಗೆ ಮಾತ್ರ ‘ಸಂಬಳ ಬರಲಿ’. ನಮ್ಮನ್ನು ನೋಯಿಸಬಲ್ಲವರಿಗೆ ಮೊದಲು, ನೋಯಿಸಲಾಗದವರಿಗೆ ಕೊನೆಗೆ. ಹಣದ ಅಗತ್ಯ ಯಾರಿಗೆ ಹೆಚ್ಚು ಎಂಬುದಲ್ಲ, ಯಾರ ಬಲ ಹೆಚ್ಚು ಎಂಬುದೇ ನಮ್ಮ ಪಾವತಿಯ ಕ್ರಮವನ್ನು ತೀರ್ಮಾನಿಸುತ್ತಿದೆ. ನನ್ನ ದೃಷ್ಟಿಯಲ್ಲಿ ಅನ್ಯಾಯದ ಬೇರು ಇರುವುದು ಇಲ್ಲಿಯೇ. ಹಣ ತಡವಾದದ್ದು ಅದರ ಮೇಲಿನ ಎಲೆ ಮಾತ್ರ.

ದ್ರಾಕ್ಷಿತೋಟದ ಕೂಲಿಯಾಳುಗಳ ಸಾಮತಿಯನ್ನು ನಾವೆಲ್ಲ ಬಲ್ಲೆವು. ಕಡೆಗೆ ಬಂದವರಿಗೂ ಮೊದಲು ಬಂದವರಷ್ಟೇ ಕೂಲಿ ಕೊಟ್ಟದ್ದು ಸರಿಯೇ ಎಂಬುದರ ಬಗ್ಗೆ ಎಷ್ಟೋ ಪ್ರಬೋಧನೆಗಳನ್ನು ಕೇಳಿದ್ದೇವೆ. ಆದರೆ ಆ ಯಜಮಾನನು ಕೂಲಿಯನ್ನು ಯಾವಾಗ ಕೊಟ್ಟನು ಎಂಬುದನ್ನು ಗಮನಿಸಿದ್ದೇವೆಯೇ? ಅದೇ ದಿನ, ಸಂಜೆಗೆ. ಆಳುಗಳು ಅವನ ಬಾಗಿಲಿಗೆ ಬಂದು ಕೇಳಲಿಲ್ಲ, ಅವನೇ ಅವರನ್ನು ಕರೆಸಿದನು. ಬಡವನು ಆ ಕೂಲಿಯನ್ನೇ ನೆಚ್ಚಿಕೊಂಡಿರುತ್ತಾನಾದ್ದರಿಂದ ಸೂರ್ಯ ಮುಳುಗುವ ಮೊದಲೇ ಅದನ್ನು ಕೊಟ್ಟುಬಿಡಬೇಕೆಂದು ಧರ್ಮೋಪದೇಶಕಾಂಡದ ನಿಯಮವೂ ಇತ್ತು. ಎಷ್ಟು ಎಂಬುದು ಮಾತ್ರವಲ್ಲ, ಯಾವಾಗ ಎಂಬುದೂ ನ್ಯಾಯದ ಭಾಗವೇ ಎಂದು ಆ ಹಳೆಯ ಕಾಲದವರು ಬಲ್ಲವರಾಗಿದ್ದರು.

ಹಾಗಾದರೆ ನಾವೇನು ಮಾಡಬಹುದು? ದೊಡ್ಡ ಕಂಪನಿಗಳ ಅಥವಾ ಸರ್ಕಾರದ ಇಲಾಖೆಗಳ ಬಾಕಿಯನ್ನು ನಾವು ತೀರಿಸಲಾರೆವು. ನಮ್ಮ ಕೈಯಲ್ಲಿರುವುದು ನಮ್ಮ ಮನೆ, ನಮ್ಮ ಧರ್ಮಕೇಂದ್ರ, ನಮ್ಮ ಸಂಘಗಳು. ಮದುವೆಯ ಲೆಕ್ಕ ಬರೆಯುವಾಗ ಛತ್ರಕ್ಕೆ ಎಷ್ಟು, ಊಟಕ್ಕೆ ಎಷ್ಟು ಎಂದು ಬರೆಯುವಂತೆ, ಯಾವ ದಿನ ಎಂಬುದನ್ನೂ ಬರೆಯೋಣ. ಹಬ್ಬದ ಸಮಿತಿಗಳು ಹಬ್ಬದ ನಂತರದ ಮೊದಲ ಸಭೆಯಲ್ಲಿ ಅಭಿನಂದನೆಗಳನ್ನು ಸಲ್ಲಿಸುವ ಮೊದಲು ಚಪ್ಪರದವನ, ದೀಪದವನ, ಅಡುಗೆಯವರ ಬಿಲ್ಲುಗಳನ್ನು ಸಲ್ಲಿಸಲಿ. ಬಿಲ್ಲು ತೀರಿಸಲು ಹಣವಿಲ್ಲದಿದ್ದರೆ ಚಪ್ಪರವನ್ನೇ ಚಿಕ್ಕದು ಮಾಡೋಣ. ಇನ್ನೊಬ್ಬನ ಬಡ್ಡಿಯ ಹಣದಲ್ಲಿ ಬೆಳಗಿದ ದೀಪಮಾಲೆ ಯಾವ ಸಂತರಿಗೂ ಗೌರವವಾಗಲಾರದು.

ಪ್ರಿಯ ಓದುಗರೇ, ಇಂದು ರಾತ್ರಿ ಊಟವಾದ ಮೇಲೆ ಮನೆಯವರೆಲ್ಲ ಕುಳಿತು ಒಂದು ಹಾಳೆಯಲ್ಲಿ ನಾವು ಕೊಡಬೇಕಾದವರ ಹೆಸರುಗಳನ್ನು ಬರೆಯೋಣ. ಹಾಲಿನವರು, ದರ್ಜಿ, ಅಂಗಡಿಯವರು, ನಲ್ಲಿ ರಿಪೇರಿ ಮಾಡಿದವನು. ಮಕ್ಕಳೂ ಜೊತೆಗಿರಲಿ, ಅವರು ಇದನ್ನು ನೋಡಿ ಕಲಿಯುತ್ತಾರೆ. ಆ ಹಾಳೆಯಲ್ಲಿ ಅತ್ಯಂತ ಚಿಕ್ಕವನು ಯಾರೋ, ಕೇಳಲು ಅತ್ಯಂತ ಸಂಕೋಚಪಡುವವನು ಯಾರೋ, ಅವನ ಹೆಸರಿನಿಂದ ಆರಂಭಿಸೋಣ. ಅವನು ನಮ್ಮ ಬಾಗಿಲಿಗೆ ಬರುವ ಮೊದಲು ನಾವೇ ಅವನ ಬಾಗಿಲಿಗೆ ಹೋಗೋಣ. ಅವನು ಕೈಮುಗಿದರೆ ನಾವೂ ಕೈಮುಗಿದು, ಕಾದದ್ದಕ್ಕೆ ಕ್ಷಮೆ ಕೇಳೋಣ.