ದೇಹವು ವ್ರತಕ್ಕೆ ಸಾಕ್ಷಿಯೇ?

ಉಪವಾಸದ ಫಲವೇನೆಂದು ಕೇಳಿದರೆ ನಮ್ಮಲ್ಲಿ ಬಹುಮಂದಿ ಕರ್ಮನಿರ್ಜರೆಯೆಂದು ಉತ್ತರಿಸುತ್ತಾರೆ. ಆದರೆ ಉಪವಾಸ ಮಾಡಿದವರು ಎದುರಿಗೆ ಬಂದಾಗ ಅದೇ ಜನ ನೋಡುವುದು ಅವರ ಕೆನ್ನೆಯನ್ನು, ಕೊರಳನ್ನು, ಹೊಟ್ಟೆಯನ್ನು. ಬಾಯಲ್ಲಿರುವ ಸಿದ್ಧಾಂತ ಒಂದು, ಕಣ್ಣಿನಲ್ಲಿರುವ ಅಳತೆಗೋಲು ಮತ್ತೊಂದು. ಇವೆರಡರ ನಡುವಣ ಅಂತರದಿಂದ ಒಂದು ಜೀವಕ್ಕೆ ಆದ ನೋವನ್ನು ನಾನು ಸಮೀಪದಿಂದ ಕಂಡಿದ್ದೇನೆ. ಅದರಲ್ಲಿ ನನ್ನ ಪಾಲೂ ಇತ್ತು. ಆದಕಾರಣ ಈ ವಿಷಯವನ್ನು ವಾಚಕರ ಮುಂದಿಡುವುದು ನನಗೆ ಕರ್ತವ್ಯವೆನಿಸಿದೆ.

ಕೆಲವು ವರ್ಷಗಳ ಹಿಂದಿನ ಮಾತು. ಕುಂದಗೋಳದಲ್ಲಿ ಐವತ್ತು ದಾಟಿದ ಶ್ರಾವಿಕೆಯೊಬ್ಬರು ಚಾತುರ್ಮಾಸದ ನಾಲ್ಕು ತಿಂಗಳೂ ಏಕಭುಕ್ತಿಯ ನಿಯಮ ಹಿಡಿದರು. ಹಗಲು ಒಂದು ಹೊತ್ತು ಜೋಳದ ರೊಟ್ಟಿ, ಹೆಸರುಕಾಳಿನ ಪಲ್ಯ, ತಿಳಿಸಾರು. ಅಷ್ಟಮಿ ಚತುರ್ದಶಿಗಳಲ್ಲಿ ಅದೂ ಇಲ್ಲ. ಎರಡು ತಿಂಗಳು ಕಳೆಯುವಷ್ಟರಲ್ಲಿ ಅವರ ಮುಖ ಬಾಡಿತು, ಕೊರಳ ಎಲುಬು ಎದ್ದು ಕಂಡಿತು, ಬಿಗಿಯಾಗಿದ್ದ ಬಳೆಗಳು ಮೊಳಕೈವರೆಗೆ ಜಾರತೊಡಗಿದವು. ಆದರೆ ಹೊಟ್ಟೆ ಮತ್ತು ಸೊಂಟದ ಸ್ಥೂಲತೆ ಹೆಚ್ಚು ಕಡಿಮೆ ಇದ್ದಂತೆಯೇ ಇತ್ತು. ದಶಲಕ್ಷಣ ಪರ್ವದ ಒಂದು ಸಂಜೆ, ನಾಲ್ಕಾರು ಜನ ಕುಳಿತಲ್ಲಿ ಒಬ್ಬರು, “ಮಾರಿ ಅಷ್ಟ ಸೊರಗೇತಿ, ಹೊಟ್ಟಿ ಹಂಗ ಐತಿ. ರಾತ್ರಿ ಅಡಗಿ ಮನಿ ಕದಾ ತೆಗೀತಾಳ ಕಾಣ್ತದ” ಎಂದರು. ಎಲ್ಲರೂ ನಕ್ಕರು. ನಾನು ನಗಲಿಲ್ಲ, ಆದರೆ ತಡೆಯಲೂ ಇಲ್ಲ.

ಮಾತು ಅವರ ಕಿವಿಗೆ ಮುಟ್ಟಿತು. ಅವರು ಯಾರೊಡನೆಯೂ ಜಗಳವಾಡಲಿಲ್ಲ. ನನ್ನಲ್ಲಿಗೆ ಬಂದು, “ನನ್ನ ವ್ರತದೊಳಗ ಏನರ ದೋಷ ಐತೇನ್ರಿ? ಇದ್ದರ ಪ್ರಾಯಶ್ಚಿತ್ತ ಹೇಳ್ರಿ” ಎಂದು ಕೇಳಿದರು. ನಾನು, ಶ್ರದ್ಧೆಯಿದ್ದರೆ ಎಲ್ಲವೂ ಸರಿಹೋಗುವುದೆಂದು ಹೇಳಿ ಕಳುಹಿಸಿದೆ. ಆ ಉತ್ತರ ಪೊಳ್ಳಾಗಿತ್ತು; ಶ್ರದ್ಧೆ ಸಾಲದೆಂದು ನಾನೂ ಒಪ್ಪಿದಂತೆ ಅವರಿಗೆ ಕೇಳಿಸಿರಬೇಕು. ಮರುದಿನದಿಂದ ಅವರು ಆ ಒಂದು ಹೊತ್ತಿನ ಆಹಾರವನ್ನೂ ಬಿಟ್ಟು ಕಾಯಿಸಿದ ನೀರಿನಲ್ಲೇ ನಿಂತರು. ನಾಲ್ಕನೆಯ ದಿನ ಅಂಗಳದಲ್ಲಿ ತಲೆಸುತ್ತಿ ಬಿದ್ದರು. ಪುಣ್ಯವಶಾತ್ ಜೀವಕ್ಕೆ ಅಪಾಯವಾಗಲಿಲ್ಲ. ಅಂದು ಅವರಿಗೆ ನಾನು ಕೊಡಬೇಕಾಗಿದ್ದ ಉತ್ತರವನ್ನು ಈಗ ಬರೆಯುತ್ತಿದ್ದೇನೆ.

ಮೊದಲು ದೇಹಧರ್ಮವನ್ನು ವಿಚಾರಿಸೋಣ. ಆಹಾರ ಕಡಿಮೆಯಾದಾಗ ಶರೀರವು ಮೊಟ್ಟಮೊದಲು ವ್ಯಯಮಾಡುವುದು ಪಿತ್ತಜನಕಾಂಗದಲ್ಲಿಯೂ ಸ್ನಾಯುಗಳಲ್ಲಿಯೂ ಕೂಡಿಟ್ಟ ಗ್ಲೈಕೋಜನ್ ಎಂಬ ಶರ್ಕರಸಂಚಯವನ್ನು. ಅದರ ಒಂದೊಂದು ಗ್ರಾಮಿನೊಡನೆ ಸುಮಾರು ಮೂರು ಗ್ರಾಮ್ ನೀರು ಸೇರಿಕೊಂಡಿರುತ್ತದೆ. ಮೊದಲ ಕೆಲವು ದಿನಗಳಲ್ಲಿ ತೂಕ ಥಟ್ಟನೆ ಇಳಿಯುವುದು ಬಹುಪಾಲು ಈ ನೀರಿನಿಂದ. ಪಾರಣೆಯಾದೊಡನೆ ಅದು ಮರಳಿ ಬರುತ್ತದೆ. ಆ ಬಳಿಕ ಮೇದಸ್ಸಿನ ಸರದಿ. ಮೇದಸ್ಸು ಕೋಟ್ಯಂತರ ಕೋಶಗಳಲ್ಲಿ ತುಂಬಿರುವ ಸಂಗ್ರಹ. ತೂಕ ಇಳಿದಾಗ ಈ ಕೋಶಗಳು ಕುಗ್ಗುತ್ತವೆಯೇ ಹೊರತು ಅವುಗಳ ಸಂಖ್ಯೆ ಹೆಚ್ಚೇನೂ ತಗ್ಗುವುದಿಲ್ಲ.

ಈ ಕೋಶಗಳೆಲ್ಲ ಒಂದೇ ಆಜ್ಞೆಗೆ ಒಂದೇ ಬಗೆಯಲ್ಲಿ ಮಣಿಯುವುದಿಲ್ಲ. ರಕ್ತದಲ್ಲಿ ಹರಿದುಬರುವ ಅಡ್ರಿನಲಿನ್ ‘ಸಂಗ್ರಹವನ್ನು ಬಿಟ್ಟುಕೊಡು’ ಎಂದು ಹೇಳುತ್ತದೆ. ಆದರೆ ಕೋಶದ ಮೈಮೇಲೆ ಆ ಆಜ್ಞೆಯನ್ನು ಸ್ವೀಕರಿಸುವ ಗ್ರಾಹಕಗಳು ಎರಡು ಬಗೆ: ಬೀಟಾ ವರ್ಗದವು ಬಾಗಿಲು ತೆರೆಯುತ್ತವೆ, ಆಲ್ಫಾ-2 ವರ್ಗದವು ಮುಚ್ಚುತ್ತವೆ. ಸ್ತ್ರೀಯರ ತೊಡೆ ನಿತಂಬಗಳ ಮೇದಸ್ಸಿನಲ್ಲಿ ಮುಚ್ಚುವವುಗಳ ಪ್ರಾಬಲ್ಯ ಹೆಚ್ಚು. ಗರ್ಭಧಾರಣೆಗೂ ಶಿಶುವಿಗೆ ಹಾಲೂಡಿಸುವ ಕಾಲಕ್ಕೂ ಬೇಕೆಂದು ಪ್ರಕೃತಿ ಕಾದಿಟ್ಟ ಬುತ್ತಿ ಅದು. ಋತುಚಕ್ರ ನಿಂತ ಮೇಲೆ ಈಸ್ಟ್ರೋಜನ್ ಎಂಬ ಹಾರ್ಮೋನು ತಗ್ಗಿ, ಮೇದಸ್ಸು ಹೊಟ್ಟೆಯ ಸುತ್ತ ಸೇರಲು ತೊಡಗುತ್ತದೆ. ಮುಖದಲ್ಲಿಯೂ ಕೊರಳಿನಲ್ಲಿಯೂ ಸಂಗ್ರಹವೇ ಸ್ವಲ್ಪ, ಆದ್ದರಿಂದ ಅಲ್ಲಿ ಅಲ್ಪ ನಷ್ಟವೂ ಎದ್ದು ಕಾಣುತ್ತದೆ. ಬೇಸಗೆಯಲ್ಲಿ ಕೆರೆ ಬತ್ತುವಾಗ ಅಂಚು ಮೊದಲು ಬಿರಿಯುತ್ತದೆ, ನಡುವಿನ ಮಡು ಕಡೆಗೆ ಒಣಗುತ್ತದೆ. ಮಡುವಿನಲ್ಲಿ ನೀರಿದೆಯೆಂದು ಯಾರೋ ರಾತ್ರಿ ಕೊಡ ಸುರಿದಿರಬೇಕೆಂದು ಯಾವ ರೈತನೂ ಹೇಳುವುದಿಲ್ಲ.

ಬೇಕಾದ ಜಾಗದಿಂದಲೇ ಕೊಬ್ಬನ್ನು ಕರಗಿಸಬಹುದೆಂಬುದೂ ಭ್ರಮೆಯೇ. ವರ್ಷಗಟ್ಟಲೆ ಒಂದೇ ಕೈಯಿಂದ ಬಲವಾಗಿ ಆಡುವ ಟೆನಿಸ್ ಆಟಗಾರರ ಎರಡೂ ತೋಳುಗಳನ್ನು ಅಮೆರಿಕದ ವೈದ್ಯರು ಅಳೆದು ನೋಡಿ 1971ರಲ್ಲಿ ಪ್ರಕಟಿಸಿದರು. ಆಡುವ ತೋಳು ದಪ್ಪವಾಗಿತ್ತು. ಆದರೆ ಚರ್ಮದಡಿಯ ಕೊಬ್ಬಿನ ಪದರು ಎರಡರಲ್ಲಿಯೂ ಸಮನಾಗಿಯೇ ಇತ್ತು. ಇನ್ನು ಹೊರಗಣ್ಣಿಗೆ ಕಾಣುವ ಆಕಾರದಿಂದ ಒಬ್ಬನ ಊಟವನ್ನು ಊಹಿಸುವುದು ಎಷ್ಟು ತಪ್ಪೆಂಬುದಕ್ಕೆ ನಮ್ಮ ನೆರೆಯ ಪುಣೆಯಿಂದಲೇ ಒಂದು ನಿದರ್ಶನವಿದೆ. ಅಲ್ಲಿನ ವೈದ್ಯ ಯಾಜ್ಞಿಕ್ ಮತ್ತು ಇಂಗ್ಲೆಂಡಿನ ವೈದ್ಯ ಯುಡ್ಕಿನ್ ತಮ್ಮಿಬ್ಬರ ದೇಹಗಳನ್ನೇ ಹೋಲಿಸಿ 2004ರಲ್ಲಿ ಒಂದು ಟಿಪ್ಪಣಿ ಬರೆದರು. ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ ಇಬ್ಬರದೂ 22.3. ಆದರೆ ದೇಹದಲ್ಲಿದ್ದ ಕೊಬ್ಬು ಯುಡ್ಕಿನ್ನರಲ್ಲಿ ನೂರಕ್ಕೆ 9.1, ಯಾಜ್ಞಿಕರಲ್ಲಿ 21.2. ಬಡಕಲಾಗಿ ಕಾಣುವ ಭಾರತೀಯನ ಹೊಟ್ಟೆಯಲ್ಲಿಯೂ ಮೇದಸ್ಸು ಮನೆಮಾಡಿಕೊಂಡಿರುವುದು ಅಪರೂಪವಲ್ಲ.

ಇದೆಲ್ಲ ಈಚಿನವರ ಶೋಧನೆಯಾಯಿತು. ಆದರೆ ಶರೀರಗಳು ಒಂದೇ ಅಚ್ಚಿನವಲ್ಲವೆಂಬುದನ್ನು ನಮ್ಮ ಆಚಾರ್ಯರು ಎಂದೋ ಅರಿತಿದ್ದರು. ನಾಮಕರ್ಮದ ಭೇದಗಳಲ್ಲಿ ಸಂಸ್ಥಾನವೆಂಬುದು ಆರು ಬಗೆ. ಎಲ್ಲ ಅಂಗಗಳೂ ಸಮವಾಗಿರುವುದು ಸಮಚತುರಸ್ರ. ಆಲದ ಮರದಂತೆ ಮೇಲ್ಭಾಗ ವಿಶಾಲವಾಗಿ ಕೆಳಭಾಗ ಕಿರಿದಾಗಿರುವುದು ನ್ಯಗ್ರೋಧಪರಿಮಂಡಲ. ಹುತ್ತದಂತೆ ಕೆಳಗೆ ದಪ್ಪ, ಮೇಲೆ ಸಪೂರವಾಗಿರುವುದು ಸ್ವಾತಿ. ಉಳಿದವು ಕುಬ್ಜ, ವಾಮನ, ಹುಂಡ. ಫ್ರಾನ್ಸಿನ ವೈದ್ಯ ಝಾನ್ ವಾಗ್ 1947ರಲ್ಲಿ ಸ್ಥೂಲಕಾಯರನ್ನು ಮೇಲ್ಮೈ ದಪ್ಪವಿರುವವರು, ಕೆಳಮೈ ದಪ್ಪವಿರುವವರು ಎಂದು ಎರಡಾಗಿ ವಿಂಗಡಿಸಿದ್ದನ್ನು ಓದುವಾಗ ಈ ಆಲ ಮತ್ತು ಹುತ್ತಗಳು ನೆನಪಾಗದೆ ಇರವು. ಇಲ್ಲಿ ಮುಖ್ಯವಾದ ಮಾತೆಂದರೆ, ಸಂಸ್ಥಾನವು ನಾಮಕರ್ಮಕ್ಕೆ ಸೇರಿದ್ದು. ಚಾರಿತ್ರಕ್ಕೆ ಅಡ್ಡಬರುವ ಮೋಹನೀಯಕ್ಕೆ ಸೇರಿದ್ದಲ್ಲ. ಸ್ವಾತಿಸಂಸ್ಥಾನದವನು ಏಕಭುಕ್ತಿ ಮಾಡಿದರೆ ಕೃಶನಾದ ಸ್ವಾತಿಸಂಸ್ಥಾನದವನಾಗುತ್ತಾನೆಯೇ ಹೊರತು ಸಮಚತುರಸ್ರನಾಗುವುದಿಲ್ಲ. ಅದು ಅವನ ವ್ರತದ ಕುಂದಲ್ಲ.

ಹಾಗಾದರೆ ಶಾಸ್ತ್ರವು ತಪಸ್ಸನ್ನು ಎಲ್ಲಿ ಅಳೆಯಿತು? ಬಾಹ್ಯತಪಗಳಲ್ಲಿ ಎರಡನೆಯದಾದ ಅವಮೌದರ್ಯವನ್ನು ನೋಡಿರಿ. ಪುರುಷನಿಗೆ 32 ತುತ್ತು, ಸ್ತ್ರೀಗೆ 28 ತುತ್ತು ಪೂರ್ಣಾಹಾರವೆಂದು ಹೇಳಿ, ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ತಪಸ್ಸಿನ ಪ್ರಾರಂಭವೆಂದು ಗಣಿಸಿದರು. ಅಳತೆ ನಿಂತಿರುವುದು ಕೈ ಮತ್ತು ಬಾಯಿಯ ನಡುವೆ. ಶಾಸ್ತ್ರವು ತುತ್ತನ್ನು ಎಣಿಸಿತು, ಸೊಂಟವನ್ನು ಸುತ್ತಿ ನೋಡಲಿಲ್ಲ. ತುತ್ತನ್ನು ಎತ್ತುವುದು ಬಿಡುವುದು ನಮ್ಮ ವಶದಲ್ಲಿದೆ. ಅದರ ಅಭಾವವು ಮೈಯ ಯಾವ ಮೂಲೆಯಲ್ಲಿ ಕಾಣಿಸಿಕೊಳ್ಳಬೇಕೆಂಬುದು ನಮ್ಮ ವಶದಲ್ಲಿಲ್ಲ. ವಶದಲ್ಲಿಲ್ಲದುದಕ್ಕೆ ಹೊಣೆ ಹೊರಿಸುವುದು ನ್ಯಾಯವಲ್ಲ.

ಶ್ರವಣಬೆಳಗೊಳದಲ್ಲಿ ಚಾವುಂಡರಾಯನು 981ರ ಸುಮಾರಿಗೆ ನಿಲ್ಲಿಸಿದ ಗೊಮ್ಮಟಮೂರ್ತಿಯನ್ನು ಈ ದೃಷ್ಟಿಯಿಂದ ಒಮ್ಮೆ ನೋಡಬೇಕು. ಒಂದು ವರ್ಷ ನಿರಾಹಾರನಾಗಿ ಪ್ರತಿಮಾಯೋಗದಲ್ಲಿ ನಿಂತ ಬಾಹುಬಲಿಯ ರೂಪ ಅದು. ಬಳ್ಳಿ ತೊಡೆಯನ್ನೇರಿ ತೋಳನ್ನು ಹಬ್ಬಿದೆ, ಕಾಲ ಬಳಿ ಹುತ್ತ ಬೆಳೆದಿದೆ. ಕಾಲ ಕಳೆದದ್ದನ್ನು ಶಿಲ್ಪಿ ಇಷ್ಟು ಎಚ್ಚರದಿಂದ ತೋರಿಸಿದ್ದಾನೆ. ಆದರೆ ಪಕ್ಕೆಲುಬು ಎಲ್ಲಿಯೂ ಇಲ್ಲ. ಹೆಗಲು ತುಂಬಿದೆ, ಕೆನ್ನೆ ತುಂಬಿದೆ. ಲಾಹೋರಿನ ವಸ್ತುಸಂಗ್ರಹಾಲಯದಲ್ಲಿ ಗಾಂಧಾರ ಶೈಲಿಯ ಉಪವಾಸಿ ಬುದ್ಧನ ವಿಗ್ರಹವಿದೆ. ಅದರಲ್ಲಿ ಎಲುಬು ನರಗಳನ್ನು ಒಂದೊಂದಾಗಿ ಎಣಿಸಬಹುದು. ನಮ್ಮ ಶಿಲ್ಪಿ ಆ ದಾರಿ ಹಿಡಿಯಲಿಲ್ಲ. ತಪಸ್ಸಿನ ಸಾಕ್ಷ್ಯವನ್ನು ಅವನು ದೇಹದ ಕ್ಷಯದಲ್ಲಿ ಇಡಲಿಲ್ಲ, ನಿಲುವಿನ ಸ್ಥೈರ್ಯದಲ್ಲಿ ಇಟ್ಟನು.

ಬಾಹುಬಲಿಯ ಕಥೆಯೂ ಇದನ್ನೇ ಸಾರುತ್ತದೆ. ಈ ಕಥೆಯನ್ನು 941ರಲ್ಲಿ ‘ಆದಿಪುರಾಣ’ದೊಳಗೆ ಕನ್ನಡಿಸಿದ ಪಂಪನು ನಮಗೆ ದೂರದವನಲ್ಲ, ಅವನ ತಾಯಿ ಅಬ್ಬಣಬ್ಬೆ ನೆರೆಯ ಅಣ್ಣಿಗೇರಿಯ ಜೋಯಿಸ ಸಿಂಘನ ಮೊಮ್ಮಗಳು. ಪರಂಪರೆಯಾಗಿ ನಾವು ಕೇಳಿಬಂದಂತೆ, ವರ್ಷ ತುಂಬಿದರೂ ಬಾಹುಬಲಿಗೆ ಕೇವಲಜ್ಞಾನ ಉಂಟಾಗಲಿಲ್ಲ. ಅಣ್ಣ ಭರತನನ್ನು ಕುರಿತ ಒಂದು ಸಂಕ್ಲೇಶ ಮನಸ್ಸಿನಲ್ಲಿ ಮುಳ್ಳಾಗಿ ಉಳಿದಿತ್ತು. ಭರತನು ಬಂದು ನಮಿಸಿದಾಗ ಅದು ಕಳಚಿತು. ದೇಹ ತನ್ನ ಪಾಲಿನದನ್ನು ಎಂದೋ ಸಲ್ಲಿಸಿತ್ತು. ಕರಗದೆ ಉಳಿದದ್ದು ಒಳಗಿನದು.

ಒಳಗಿನದೂ ಸಮನಾಗಿ ಕರಗುವುದಿಲ್ಲವೆಂಬುದನ್ನು ಗುಣಸ್ಥಾನಗಳ ಕ್ರಮವನ್ನು ಬಲ್ಲವರು ಒಪ್ಪುತ್ತಾರೆ. ಕ್ಷಪಕಶ್ರೇಣಿಯನ್ನೇರಿದ ಮಹಾಮುನಿಗೂ ಸಂಜ್ವಲನ ಕ್ರೋಧ, ಮಾನ, ಮಾಯೆಗಳು ಒಂಬತ್ತನೆಯ ಗುಣಸ್ಥಾನದಲ್ಲಿ ಒಂದಾದಮೇಲೊಂದು ಕ್ಷಯವಾಗುತ್ತವೆ. ಲೋಭ ಮಾತ್ರ ಸೂಕ್ಷ್ಮವಾಗಿ ಹತ್ತನೆಯದರಲ್ಲಿಯೂ ಅಂಟಿಕೊಂಡಿರುತ್ತದೆ. ಅಲ್ಲಿಯೇ ಅದಕ್ಕೆ ಕೊನೆ. ಲೋಭವಿನ್ನೂ ಉಳಿದಿದೆಯೆಂದು ಆ ಮುನಿಯ ತಪಸ್ಸನ್ನು ಸುಳ್ಳೆನ್ನುವವರುಂಟೇ? ಆತ್ಮನ ವಿಷಯದಲ್ಲಿ ಒಪ್ಪುವ ಕ್ರಮವನ್ನು ಒಬ್ಬ ಗೃಹಿಣಿಯ ಹೊಟ್ಟೆಯ ವಿಷಯದಲ್ಲಿ ನಾವು ಒಪ್ಪದೆ ಹೋದೆವು.

ಇಲ್ಲಿ ಒಂದು ಆಕ್ಷೇಪ ಬರಬಹುದು. ‘ತೂಕ ಇಳಿಸುವುದು ತಪ್ಪೇ? ಸಕ್ಕರೆ ಕಾಯಿಲೆಯವರಿಗೆ, ಮೊಣಕಾಲು ನೋವಿನವರಿಗೆ ವೈದ್ಯರೇ ಹಾಗೆ ಹೇಳುತ್ತಾರಲ್ಲ?’ ತಪ್ಪೇನೂ ಇಲ್ಲ. ಶರೀರ ಧರ್ಮಸಾಧನ, ಅದರ ರಕ್ಷಣೆ ಶ್ರಾವಕನಿಗೆ ಉಚಿತವೇ. ಆದರೆ ಅದರ ಹೆಸರು ಪಥ್ಯ. ಪಥ್ಯಕ್ಕೆ ತಕ್ಕಡಿ ಬೇಕು, ಅಳತೆಯ ಪಟ್ಟಿ ಬೇಕು, ವೈದ್ಯರ ಕಣ್ಣು ಬೇಕು. ಹೊಟ್ಟೆ ಕರಗದಿದ್ದರೆ ಪಥ್ಯವನ್ನು ಬದಲಿಸುವುದು ಬುದ್ಧಿವಂತಿಕೆ. ವ್ರತಕ್ಕೆ ಈ ಯಾವ ಉಪಕರಣವೂ ಸಲ್ಲದು. ಅದನ್ನು ಅಳೆಯಬೇಕಾದವನು ವ್ರತಿಯೇ; ಪ್ರಶ್ನೆಯೂ ಒಂದೇ: ‘ಇಂದು ಬಿಟ್ಟದ್ದನ್ನು ಇಷ್ಟಪಟ್ಟು ಬಿಟ್ಟೆನೇ?’ ಮಾಯಾ, ಮಿಥ್ಯಾ, ನಿದಾನವೆಂಬ ಮೂರು ಶಲ್ಯಗಳಿಲ್ಲದವನೇ ವ್ರತಿಯೆಂದು ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ ತಿಳಿಸುತ್ತದೆ. ಮೈ ಸುಂದರವಾಗಲಿ ಎಂಬ ಫಲಾಪೇಕ್ಷೆ ನಿದಾನದ ಕಡೆಗೆ ಇಟ್ಟ ಹೆಜ್ಜೆ. ಪಥ್ಯವನ್ನು ವ್ರತವೆಂದು ತೋರಿಸಿಕೊಳ್ಳುವುದು ಮಾಯೆ. ಒಂದೇ ಮನೆಯಲ್ಲಿ, ಒಂದೇ ದಿನ ಎರಡೂ ನಡೆಯಬಹುದು. ಯಾವುದು ಯಾವುದೆಂಬ ಪ್ರಾಮಾಣಿಕತೆ ಮಾತ್ರ ತಪ್ಪಬಾರದು.

ಈ ವಿವೇಕವಿಲ್ಲದಿದ್ದರೆ ಅಪಾಯ ಎರಡು ಕಡೆಯಿಂದ. ಹೊಟ್ಟೆ ಕರಗಿದವನಿಗೆ ಅಹಂಕಾರ ಬರುತ್ತದೆ. ಕರಗದವನಿಗೆ ನಾಚಿಕೆ ಬಂದು, ಶಕ್ತಿ ಮೀರಿದ ನಿಯಮಕ್ಕೆ ಕೈಹಾಕುತ್ತಾನೆ. ಆಹಾರವನ್ನು ತೀರ ಕಡಿದಾಗ ಮೇದಸ್ಸಿನ ಜೊತೆಗೆ ಸ್ನಾಯುವೂ ಸವೆಯುತ್ತದೆ. ಕೈಕಾಲು ಬಡವಾಗಿ ಹೊಟ್ಟೆ ಇನ್ನಷ್ಟು ಎದ್ದು ಕಾಣುತ್ತದೆ. ಹೀಗೆ ನಾಚಿಕೆಯಿಂದ ಹೆಚ್ಚಿಸಿದ ಉಪವಾಸ ನಾಚಿಕೆಯನ್ನೇ ಹೆಚ್ಚಿಸುತ್ತದೆ. ಷೋಡಶಕಾರಣ ಭಾವನೆಗಳಲ್ಲಿ ತಪಸ್ಸನ್ನು ‘ಶಕ್ತಿತಃ’ ಎಂಬ ವಿಶೇಷಣದೊಡನೆಯೇ ಹೇಳಿರುವುದು ವ್ಯರ್ಥವಲ್ಲ. ಬಾಹುಬಲಿಯ ಸಂಹನನ ನಮ್ಮದಲ್ಲ. ಔಷಧ ಸೇವಿಸುವವರು, ಗರ್ಭಿಣಿಯರು, ವೃದ್ಧರು ನಿಯಮ ಹಿಡಿಯುವ ಮುನ್ನ ವೈದ್ಯರನ್ನು ಕೇಳುವುದು ಅಶ್ರದ್ಧೆಯೆನಿಸದು.

ಕೊನೆಯದಾಗಿ, ನೋಡುವವರ ಧರ್ಮ. ಸಮ್ಯಗ್ದರ್ಶನದ ಎಂಟು ಅಂಗಗಳಲ್ಲಿ ಉಪಗೂಹನ, ಸ್ಥಿತಿಕರಣ, ವಾತ್ಸಲ್ಯಗಳನ್ನು ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸುತ್ತೇವೆ. ಧರ್ಮಬಂಧುವಿನಲ್ಲಿ ಇರುವ ದೋಷವನ್ನೂ ಮರೆಮಾಚಬೇಕೆಂಬುದು ಉಪಗೂಹನ. ಆ ಸಂಜೆ ನಾವು ಇಲ್ಲದ ದೋಷವನ್ನು ಕಲ್ಪಿಸಿ ಹಂಚಿಕೊಂಡೆವು. ಕದಲುತ್ತಿರುವವರನ್ನು ನಿಲ್ಲಿಸಬೇಕೆಂಬುದು ಸ್ಥಿತಿಕರಣ. ನಿಂತಿದ್ದವರನ್ನು ನಾವು ಕದಲಿಸಿದೆವು. ಅವರು ಪ್ರಾಯಶ್ಚಿತ್ತ ಕೇಳಿ ಬಂದರು. ಪ್ರಾಯಶ್ಚಿತ್ತ ಬೇಕಾಗಿದ್ದುದು ನಮಗೆ.

ಅವರು ಚೇತರಿಸಿಕೊಂಡ ಮೇಲೆ ನಾನು ಹೋಗಿ ಕ್ಷಮೆ ಬೇಡಿದೆನು. ಅವರು, “ಹೋಗ್ಲಿ ಬಿಡ್ರಿ, ನಾನೂ ಕನ್ನಡಿ ನೋಡಬಾರದಿತ್ತು” ಎಂದರು. ಮುಂದಿನ ಚಾತುರ್ಮಾಸದಲ್ಲಿ ವೈದ್ಯರನ್ನು ಕೇಳಿಕೊಂಡು ಮತ್ತೆ ಏಕಭುಕ್ತಿ ಹಿಡಿದರು. ಅವರ ಮುಖ ಬಾಡಿತೇ, ಹೊಟ್ಟೆ ಇಳಿಯಿತೇ ಎಂದು ವಾಚಕರು ಕೇಳಬಹುದು. ನಾನು ನೋಡಲಿಲ್ಲ. ಆ ವರ್ಷ ನಾನು ಹಿಡಿದ ನಿಯಮ ಅದೊಂದೇ.