ವಿಲಿಯಮ್ಸ್ ಕೇಳಿದ ಪ್ರಶ್ನೆ

ಇಂಗ್ಲೆಂಡಿನ ಐದನೇ ಹೆನ್ರಿ ಗೆದ್ದ ಅರಸ. 1415ರ ಅಕ್ಟೋಬರ್ 25ರಂದು ಫ್ರಾನ್ಸಿನ ಅಜಿನ್‌ಕೋರ್ಟ್ ಬಯಲಿನಲ್ಲಿ ತನ್ನದಕ್ಕಿಂತ ದೊಡ್ಡ ಸೈನ್ಯವನ್ನು ಮಣಿಸಿದವನು. 1599ರ ಸುಮಾರಿಗೆ ಷೇಕ್ಸ್‌ಪಿಯರ್ ಅವನ ಕುರಿತು ನಾಟಕ ಬರೆದ. ಯುದ್ಧಕ್ಕೆ ಮುಂಚೆ ಅರಸ ಆಡುವ ಮಾತಿಗೆ ಇವತ್ತಿಗೂ ಮೈ ನವಿರೇಳುತ್ತದೆ. ಆದರೆ ಓದಲು ಕೂತಾಗಲೆಲ್ಲ ನನ್ನನ್ನು ಹಿಡಿದು ನಿಲ್ಲಿಸುವುದು ಆ ಮಾತಲ್ಲ, ಅದರ ಹಿಂದಿನ ರಾತ್ರಿ.

ಅರಸ ಮುದಿ ಯೋಧ ಅರ್ಪಿಂಗ್‌ಹ್ಯಾಮ್‌ನ ಮೇಲಂಗಿ ಹೊದ್ದು, ಗುರುತು ಮರೆಸಿಕೊಂಡು ಬಿಡಾರದಲ್ಲಿ ಅಲೆಯುತ್ತಾನೆ. ಮೂವರು ಸಿಪಾಯಿಗಳು ಸಿಗುತ್ತಾರೆ. ಅವರಲ್ಲಿ ಕೋರ್ಟ್ ಎಂಬುವನಿಗೆ ಇಡೀ ನಾಟಕದಲ್ಲಿ ಇರುವುದು ಒಂದೇ ಮಾತು: ಅಲ್ಲಿ ಬೆಳಗಾಗುತ್ತಿರುವುದಲ್ಲವೇ ಎಂದು ಕೇಳಿ ಸುಮ್ಮನಾಗುತ್ತಾನೆ. ಬೆಳಗಾದರೆ ಏನು ಕಾದಿದೆ ಎಂದು ಗೊತ್ತಿರುವವನ ಮಾತು ಅದು. ಅರಸನ ಪಕ್ಷ ನ್ಯಾಯವಾದದ್ದು ಎಂದು ಹೆನ್ರಿ ಹೇಳಿದಾಗ ವಿಲಿಯಮ್ಸ್ ಎಂಬ ಸಿಪಾಯಿ, ಅದು ನಮಗೇನು ಗೊತ್ತು ಎನ್ನುತ್ತಾನೆ. ನ್ಯಾಯವಲ್ಲದಿದ್ದರೆ ಅರಸ ದೊಡ್ಡ ಲೆಕ್ಕ ಒಪ್ಪಿಸಬೇಕಾದೀತು. ಕಡೆಯ ದಿನ ಕಡಿದುಬಿದ್ದ ಕೈ, ಕಾಲು, ತಲೆಗಳೆಲ್ಲ ಒಟ್ಟುಗೂಡಿ ಎಲ್ಲಿ ಸತ್ತೆವೆಂದು ಕೂಗಿ ಹೇಳುತ್ತವೆ ಎನ್ನುತ್ತಾನೆ. ಆ ಕೂಗಿನಲ್ಲಿ ಬಡ ಹೆಂಡತಿಯ ಚಿಂತೆಯಿದೆ, ತೀರಿಸದ ಸಾಲವಿದೆ.

ಪ್ರತಿಯೊಬ್ಬನ ಆತ್ಮ ಅವನವನ ಹೊಣೆ ಎಂದು ಹೆನ್ರಿ ಸೊಗಸಾಗಿ ವಾದಿಸುತ್ತಾನೆ. ಸಿಪಾಯಿಗಳೂ ಒಪ್ಪುತ್ತಾರೆ. ಆದರೆ ಯುದ್ಧ ನ್ಯಾಯವೇ ಎಂಬ ಪ್ರಶ್ನೆ ಮಾತ್ರ ಇದ್ದಲ್ಲೇ ಉಳಿಯುತ್ತದೆ. ಮೊದಲ ಅಂಕದಲ್ಲಿ ಆ ನ್ಯಾಯವನ್ನು ವಂಶಾವಳಿ ಬಿಡಿಸಿ ಸಾಧಿಸಿದವನು ಕ್ಯಾಂಟರ್ಬರಿಯ ಆರ್ಚ್‌ಬಿಷಪ್. ಚರ್ಚಿನ ಆಸ್ತಿ ಕೈತಪ್ಪುವ ಭಯ ಅವನನ್ನು ಕಾಡುತ್ತಿತ್ತು ಎಂಬುದನ್ನು ಷೇಕ್ಸ್‌ಪಿಯರ್ ಅದಕ್ಕೂ ಮೊದಲೇ ತೋರಿಸಿರುತ್ತಾನೆ. ಸಿಪಾಯಿಗಳು ಹೋದ ಮೇಲೆ ಒಬ್ಬನೇ ಉಳಿದ ಹೆನ್ರಿ, ತನ್ನಪ್ಪ ಎರಡನೇ ರಿಚರ್ಡನಿಂದ ಕಿರೀಟ ಕಿತ್ತುಕೊಂಡ ತಪ್ಪನ್ನು ಇವತ್ತೊಂದು ದಿನ ಎಣಿಸಬೇಡ ಎಂದು ದೇವರಲ್ಲಿ ಬೇಡುತ್ತಾನೆ. ಲೆಕ್ಕದ ಮಾತು ಅವನೊಳಗೆ ಇಳಿದಿದೆ.

ನನಗೆ ತೀರದ ಬೆರಗು ಇನ್ನೊಂದು. ಈ ಸಿಪಾಯಿಗೆ ಷೇಕ್ಸ್‌ಪಿಯರ್ ಮೈಕೇಲ್ ವಿಲಿಯಮ್ಸ್ ಎಂದು ತುಂಬು ಹೆಸರು ಕೊಟ್ಟಿದ್ದಾನೆ, ಆದರೆ ಅದು ಇರುವುದು ರಂಗಸೂಚನೆಯಲ್ಲಿ ಮಾತ್ರ. ಮಾತಿನಲ್ಲಿ ಯಾರೂ ಅವನನ್ನು ಆ ಹೆಸರಿನಿಂದ ಕರೆಯುವುದಿಲ್ಲ. ರಂಗದ ಮುಂದೆ ಕೂತವನಿಗೆ ಅವನು ಬರಿಯ ಸಿಪಾಯಿ. ಪುಸ್ತಕ ಹಿಡಿದವನಿಗಷ್ಟೇ ಅವನು ವಿಲಿಯಮ್ಸ್.

ಯುದ್ಧ ಮುಗಿದ ಮೇಲೆ ಆ ರಾತ್ರಿ ಜಗಳವಾಡಿದ್ದು ಅರಸನೊಂದಿಗೆ ಎಂದು ಅವನಿಗೆ ತಿಳಿಯುತ್ತದೆ. ನೀವು ನೀವಾಗಿ ಬರಲಿಲ್ಲ, ತಪ್ಪು ನಿಮ್ಮದೇ ಎಂದು ನೇರವಾಗಿ ಹೇಳಿ, ಆಮೇಲೆ ಕ್ಷಮೆ ಕೇಳುತ್ತಾನೆ. ಅರಸ ಕೈಗವಸೊಂದರ ತುಂಬ ನಾಣ್ಯ ತುಂಬಿಸಿ ಅವನಿಗೆ ಕೊಡಿಸುತ್ತಾನೆ. ಅದಕ್ಕೆ ಕೃತಜ್ಞತೆಯ ಮಾತೊಂದೂ ಅವನ ಬಾಯಿಂದ ಬರುವುದಿಲ್ಲ. ಹರಿದ ಬೂಟು ಹೊಲಿಸಿಕೋ ಎಂದು ನಾಯಕ ಫ್ಲುಯೆಲೆನ್ ನೀಡಿದ ಚಿಲ್ಲರೆಯನ್ನು ಬೇಡವೆನ್ನುತ್ತಾನೆ. ಮರುಕ್ಷಣವೇ ದೂತ ಸತ್ತವರ ಪಟ್ಟಿ ತರುತ್ತಾನೆ. ಇಂಗ್ಲೆಂಡಿನ ಕಡೆ ನಾಲ್ವರಿಗೆ ಹೆಸರಿದೆ. ಉಳಿದವರು ಇಪ್ಪತ್ತೈದು ಎಂಬ ಸಂಖ್ಯೆ.

ವಿಲಿಯಮ್ಸ್ ಹೊರಟುಹೋದ ಎಂದು ಷೇಕ್ಸ್‌ಪಿಯರ್ ಎಲ್ಲೂ ಬರೆದಿಲ್ಲ. ನಾಟಕ ಆಡಿಸುವವನು ನಾನಾಗಿದ್ದರೆ, ಅರಸ ಆ ಪಟ್ಟಿ ಓದಿ ಮುಗಿಸುವವರೆಗೂ ಅವನನ್ನು ಅಲ್ಲಿಂದ ಕದಲಿಸುತ್ತಿರಲಿಲ್ಲ.