ಹಿಗ್ಗು: ಸಾಧನೆಯ ಫಲವೋ, ಮೊದಲ ಮೆಟ್ಟಿಲೋ?

1930ರಲ್ಲಿ ಅಮೆರಿಕದ ‘ಸ್ಕೂಲ್ ಸಿಸ್ಟರ್ಸ್ ಆಫ್ ನಾಟರ್ ಡೇಮ್’ ಎಂಬ ಕ್ಯಾಥೊಲಿಕ್ ಸನ್ಯಾಸಿನಿಯರ ಸಂಘದಲ್ಲಿ ಮದರ್ ಸುಪೀರಿಯರ್ ಒಂದು ಸೂಚನೆ ಹೊರಡಿಸಿದರು. ಸಂಘ ಸೇರಿದ ತರುಣಿಯರು ತಮ್ಮ ಬದುಕಿನ ಕಥೆಯನ್ನು ಇನ್ನೂರು ಮುನ್ನೂರು ಪದಗಳಲ್ಲಿ, ಒಂದೇ ಹಾಳೆಯಲ್ಲಿ ಬರೆದುಕೊಡಬೇಕು. ಹುಟ್ಟಿದ ಊರು, ತಂದೆತಾಯಿ, ಓದಿದ ಶಾಲೆ, ಈ ದಾರಿ ಹಿಡಿದ ಕಾರಣ, ಇಷ್ಟು ಇದ್ದರೆ ಸಾಕು. ಬರೆದವರ ಸರಾಸರಿ ವಯಸ್ಸು 22. ಹಾಳೆಗಳು ಕಾನ್ವೆಂಟಿನ ಕಡತ ಸೇರಿದವು.

ಆರು ದಶಕ ಕಳೆದ ಮೇಲೆ ಆ ಹಾಳೆಗಳನ್ನು ಸಂಶೋಧಕರು ಬಿಚ್ಚಿದರು. ಡೇವಿಡ್ ಸ್ನೋಡನ್ 1986ರಲ್ಲಿ ಆರಂಭಿಸಿದ್ದ ‘ನನ್ ಸ್ಟಡಿ’ಯ ಭಾಗವಾಗಿ, ಡೆಬೊರಾ ಡ್ಯಾನರ್ ಮತ್ತು ಸಂಗಡಿಗರು 180 ಸನ್ಯಾಸಿನಿಯರ ಬರಹವನ್ನು ಪದಪದವಾಗಿ ಓದಿ ಸಂತೋಷ, ಕೃತಜ್ಞತೆ, ಭರವಸೆ, ಪ್ರೀತಿ ಎಲ್ಲೆಲ್ಲಿ ಮೂಡಿದೆ ಎಂದು ಗುರುತು ಹಾಕಿಕೊಂಡರು. ಒಬ್ಬ ತರುಣಿ ಹುಟ್ಟಿದ ದಿನ, ಒಡಹುಟ್ಟಿದವರ ಲೆಕ್ಕ, ತಾನು ಕಲಿಸಿದ ಪಾಠ ಇವನ್ನೆಲ್ಲ ಸಾಲಾಗಿ ಒಪ್ಪಿಸಿ, ದೇವರ ದಯೆಯಿಂದ ಕೈಲಾದಷ್ಟು ಸೇವೆ ಮಾಡುವೆನೆಂದು ಮುಗಿಸಿದ್ದಳು. ಇನ್ನೊಬ್ಬಳು ದೇವರು ತನಗೆ ಕೊಟ್ಟದ್ದನ್ನು ನೆನೆದು, ಕಳೆದ ವರ್ಷ ಎಷ್ಟು ಹಿತವಾಗಿತ್ತೆಂದು ಹೇಳಿ, ವ್ರತದ ಉಡುಪು ತೊಡುವ ದಿನಕ್ಕಾಗಿ ಹಿಗ್ಗಿನಿಂದ ಕಾಯುತ್ತಿದ್ದಳು. ಭಕ್ತಿ ಇಬ್ಬರದೂ ಒಂದೇ. ಬೇರೆಯಾಗಿದ್ದದ್ದು ಆ ಭಕ್ತಿಯ ಹದ.

2001ರಲ್ಲಿ ಫಲಿತಾಂಶ ಪ್ರಕಟವಾಯಿತು. ನಲಿವಿನ ವಾಕ್ಯಗಳು ಅತಿ ಹೆಚ್ಚಿದ್ದ ಗುಂಪಿನವರು ಅತಿ ಕಡಿಮೆಯಿದ್ದವರಿಗಿಂತ ಸುಮಾರು 7 ವರ್ಷ ಹೆಚ್ಚು ಬದುಕಿದ್ದರು. ಒಂದೇ ಭಾವವನ್ನು ಮತ್ತೆಮತ್ತೆ ಹೇಳದೆ ಬಗೆಬಗೆಯ ಒಳ್ಳೆಯ ಭಾವಗಳನ್ನು ಬರೆದವರನ್ನು ನೋಡಿದರೆ ಅಂತರ 10 ವರ್ಷವನ್ನೂ ದಾಟಿತ್ತು. ಬೇರೆ ಯಾರ ವಿಷಯದಲ್ಲಾದರೂ ಇದಕ್ಕೆ ಹಣ, ಊಟ, ಸಂಸಾರದ ತಾಪತ್ರಯ ಕಾರಣವೆನ್ನಬಹುದಿತ್ತು. ಆದರೆ ಇವರೆಲ್ಲ ಮದುವೆಯಾಗದೆ, ಒಂದೇ ಬಗೆಯ ಅಡುಗೆ ಉಂಡು, ಒಂದೇ ಬಗೆಯ ಕೆಲಸ ಮಾಡಿ, ಒಂದೇ ಬಗೆಯ ವೈದ್ಯಕೀಯ ಆರೈಕೆ ಪಡೆದವರು.

ಧಾರ್ಮಿಕ ಬದುಕಿನಲ್ಲಿ ಹಿಗ್ಗಿಗೆ ಎಲ್ಲಿ ಜಾಗ? ನಮ್ಮಲ್ಲಿ ಅದನ್ನು ಕೊನೆಗೆ ಕೂರಿಸುವ ರೂಢಿಯಿದೆ. ತೈತ್ತಿರೀಯ ಉಪನಿಷತ್ತಿನ ಭೃಗು ಅನ್ನ, ಪ್ರಾಣ, ಮನಸ್ಸು, ವಿಜ್ಞಾನ ಎಂದು ಒಂದೊಂದನ್ನೇ ದಾಟಿ ಕಟ್ಟಕಡೆಗೆ ಆನಂದವನ್ನು ಮುಟ್ಟುತ್ತಾನೆ. ಇದನ್ನೇ ನೆಚ್ಚಿಕೊಂಡು ‘ಮೊದಲು ದೇಹ ದಂಡಿಸು, ಸಂತೋಷ ಆಮೇಲೆ’ ಎಂದು ಮಕ್ಕಳಿಗೂ ಶಿಷ್ಯರಿಗೂ ಹೇಳುತ್ತ ಬಂದಿದ್ದೇವೆ. ಆದರೆ ಪತಂಜಲಿ ಹಾಗೆ ಹೇಳುವುದಿಲ್ಲ. ಯೋಗಸೂತ್ರದ ಮೊದಲ ಪಾದದಲ್ಲೇ, 33ನೆಯ ಸೂತ್ರದಲ್ಲಿ, ಸುಖಿಗಳಲ್ಲಿ ಮೈತ್ರಿ, ದುಃಖಿಗಳಲ್ಲಿ ಕರುಣೆ, ಪುಣ್ಯವಂತರಲ್ಲಿ ಮುದಿತೆ (ಅಂದರೆ ಹಿಗ್ಗು), ಪಾಪಿಗಳಲ್ಲಿ ಉಪೇಕ್ಷೆ ಬೆಳೆಸಿಕೊಂಡರೆ ಚಿತ್ತ ತಿಳಿಯಾಗುತ್ತದೆ ಎಂದಿದ್ದಾನೆ. ಬೌದ್ಧರ ನಾಲ್ಕು ಬ್ರಹ್ಮವಿಹಾರಗಳೂ ಇವೇ. ಗೀತೆಯ ಎರಡನೆಯ ಅಧ್ಯಾಯ ಇನ್ನೂ ನೇರ: ಪ್ರಸನ್ನಚಿತ್ತನ ಬುದ್ಧಿ ಬೇಗ ನೆಲೆಗೊಳ್ಳುತ್ತದೆ. ಮೊದಲು ಪ್ರಸನ್ನತೆ, ನಂತರ ಬುದ್ಧಿಯ ಸ್ಥಿರತೆ. ಈ ಅನುಕ್ರಮವನ್ನು ನಾವು ಓದಿಯೂ ಗಮನಿಸಿಲ್ಲ.

ಮನೋವಿಜ್ಞಾನಿ ಬಾರ್ಬರಾ ಫ್ರೆಡ್ರಿಕ್‌ಸನ್ 1998ರಲ್ಲಿ ಮಂಡಿಸಿದ ಸಿದ್ಧಾಂತವೂ ಇದೇ ಅನುಕ್ರಮವನ್ನು ಹಿಡಿಯುತ್ತದೆ. ಭಯ, ಕೋಪ ಮನಸ್ಸನ್ನು ಒಂದೇ ಬಿಂದುವಿಗೆ ಕಟ್ಟಿಹಾಕುತ್ತವೆ; ಹಾವು ಕಂಡಾಗ ಅದು ಬೇಕೇ ಬೇಕು. ಸಂತೋಷ, ಕುತೂಹಲ, ನೆಮ್ಮದಿ ನೋಟವನ್ನು ಅಗಲಿಸುತ್ತವೆ. ಹೀಗೆ ಅಗಲಿದ ಹೊತ್ತಿನಲ್ಲಿ ಕಲಿತ ವಿದ್ಯೆ, ಕಟ್ಟಿಕೊಂಡ ಸ್ನೇಹ, ಗಳಿಸಿದ ಧೈರ್ಯ ಆ ಭಾವ ಆರಿಹೋದ ಮೇಲೂ ಕೈಯಲ್ಲುಳಿಯುತ್ತವೆ. ಆಲಿಸ್ ಐಸೆನ್ ಮತ್ತು ಸಹೋದ್ಯೋಗಿಗಳು 1997ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೆಲವು ವೈದ್ಯರಿಗೆ ಒಂದು ಸಣ್ಣ ಪೊಟ್ಟಣ ಮಿಠಾಯಿ ಕೊಟ್ಟು, ಯಕೃತ್ತಿನ ಕಾಯಿಲೆಯ ಒಂದು ಪ್ರಕರಣವನ್ನು ಬಾಯಿಬಿಟ್ಟು ಯೋಚಿಸುತ್ತ ಬಿಡಿಸಲು ಹೇಳಿದರು. ಮಿಠಾಯಿ ಪಡೆದವರು ಸುಳಿವುಗಳನ್ನು ಬೇಗ ಜೋಡಿಸಿದರು. ಮೊದಲು ಹೊಳೆದ ಊಹೆಗೇ ಜೋತುಬೀಳುವುದೂ ಅವರಲ್ಲಿ ಕಡಿಮೆ. 2008ರಲ್ಲಿ ಫ್ರೆಡ್ರಿಕ್‌ಸನ್ ತಂಡ ಒಂದು ಕಂಪ್ಯೂಟರ್ ಸಂಸ್ಥೆಯ ನೌಕರರಿಗೆ ಬೌದ್ಧರ ಮೈತ್ರಿಧ್ಯಾನವನ್ನೇ ಕಲಿಸಿ ನೋಡಿತು. ಕೆಲವು ವಾರಗಳಲ್ಲಿ ಒಳ್ಳೆಯ ಭಾವಗಳು ನಿಧಾನವಾಗಿ ಏರಿದವು, ಅದರ ಜೊತೆಗೆ ಬದುಕಿನ ಬಗ್ಗೆ ತೃಪ್ತಿಯೂ.

ಇಲ್ಲಿ ಎಚ್ಚರವೂ ಬೇಕು. ಒಂದು ನೋವಿಗೆ ಇಂತಿಷ್ಟು ನಲಿವು ಇದ್ದರೆ ಬಾಳು ಅರಳುತ್ತದೆ ಎಂದು ಫ್ರೆಡ್ರಿಕ್‌ಸನ್ ಮತ್ತು ಅವರ ಸಹಲೇಖಕ ಲೊಸಾಡಾ 2005ರಲ್ಲಿ ಕೊಟ್ಟಿದ್ದ 2.9013 ಎಂಬ ಅನುಪಾತದ ಗಣಿತ ಪೊಳ್ಳೆಂದು 2013ರಲ್ಲಿ ಬಯಲಾಯಿತು. ಆ ಭಾಗವನ್ನು ಹಿಂತೆಗೆದುಕೊಳ್ಳಲಾಯಿತು. ಬ್ರಿಟನ್ನಿನಲ್ಲಿ ಏಳು ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನು ಗಮನಿಸಿದ ಅಧ್ಯಯನವೊಂದು, ಮೊದಲೇ ಇರುವ ಅನಾರೋಗ್ಯವನ್ನು ಲೆಕ್ಕಕ್ಕೆ ಹಿಡಿದರೆ, ದುಃಖವೇ ಆಯುಷ್ಯ ಕಡಿಮೆ ಮಾಡುತ್ತದೆ ಎನ್ನಲು ಆಧಾರವಿಲ್ಲ ಎಂದಿದೆ. ಹೀಗಿರುವಾಗ ಹಿಗ್ಗನ್ನು ಆಯುಷ್ಯದ ಔಷಧಿ ಎಂದು ಮಾರುವುದು ತಪ್ಪು. ಮನೆಯಲ್ಲಿ ಸಾವಾದವರ ಮುಂದೆ ‘ಖುಷಿಯಾಗಿರಿ’ ಎನ್ನುವುದಂತೂ ಕ್ರೌರ್ಯ. ಪತಂಜಲಿ ಕೂಡ ದುಃಖಿಗಳಿಗೆ ಹಿಗ್ಗಲು ಹೇಳಲಿಲ್ಲ, ಅವರ ಬಗ್ಗೆ ನಮಗೆ ಕರುಣೆಯಿರಲಿ ಎಂದ.

ಹಾಗಿದ್ದೂ ಒಂದು ಮಾತು ನಿಲ್ಲುತ್ತದೆ. ಹೆದರಿದ ಮನಸ್ಸು ದೇವರನ್ನು ಕುರಿತೂ ಸಣ್ಣದಾಗಿಯೇ ಯೋಚಿಸುತ್ತದೆ. ಭಜನೆ ಕಲಿಸುವವರು, ಪಾಠಶಾಲೆ ನಡೆಸುವವರು, ಮಕ್ಕಳನ್ನು ದೇವರ ಮನೆಗೆ ಕರೆದೊಯ್ಯುವ ಅಜ್ಜ ಅಜ್ಜಿಯರು ಶಿಕ್ಷೆಯ ಭಯದಿಂದ ಶುರುಮಾಡುವುದನ್ನು ಬಿಡಲಿ. ಮಗು ಹಾಡಿ ನಕ್ಕರೆ ಗದರಿಸದಿರಲಿ, ಪ್ರಶ್ನೆ ಕೇಳಿದರೆ ಮೆಚ್ಚಿ ಉತ್ತರ ಕೊಡಲಿ.